ಕೆಂಪು ಚೇಳಿನ ವಿಷದಲ್ಲಿ ಅಂಥದ್ದೇನಿದೆ?

ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲಿ ಕೆಂಪು ಚೇಳು ಕುಟುಕಿದರೆ ಇಡೀ ಮೈ ಯಾಕೆ ಅಲ್ಲಾಡಿಹೋಗುತ್ತದೆ ಅಂತ ಕೇಳಿದ್ದೀರಿ.

ಆ ವಿಷ ಹಲವು ಸಣ್ಣ ಪ್ರೋಟೀನ್‌ಗಳ ಮಿಶ್ರಣ. ಜಾಸ್ತಿ ಕಾಟ ಕೊಡುವುದು ಅದರಲ್ಲಿನ ಆಲ್ಫಾ ಟಾಕ್ಸಿನ್‌ ಎಂಬ ಬಗೆಯ ವಿಷ ಪ್ರೋಟೀನ್‌ಗಳು. ಒಂದೊಂದೂ ಸುಮಾರು 60ರಿಂದ 70 ಅಮೈನೋ ಆಮ್ಲಗಳ (ಪ್ರೋಟೀನಿನ ಬಿಡಿ ಮಣಿಗಳ) ಸರಪಳಿ, ಅಷ್ಟೇ. ಆ ಸರಪಳಿಯಲ್ಲಿ ಒಂದು ಆಲ್ಫಾ ಹೆಲಿಕ್ಸ್ (ಸುರುಳಿ), ಮೂರು ಎಳೆಯ ಬೀಟಾ ಶೀಟ್ (ಹಾಳೆಯಂಥ ಮಡಿಕೆ), ಅವೆರಡನ್ನೂ ಬಿಗಿಯಾಗಿ ಹಿಡಿದಿಡುವ 4 ಡೈಸಲ್ಫೈಡ್ ಬಂಧಗಳು, ಅಂದರೆ ಗಂಧಕದ ಕೊಂಡಿಗಳು. ಈ ಬಿಗಿ ಇರುವುದರಿಂದಲೇ ಅದರ ಆಕಾರ ಸುಲಭಕ್ಕೆ ಕೆಡುವುದಿಲ್ಲ.

ನರದಲ್ಲಿ ಸಂದೇಶ ಹೋಗುವಾಗ ಸೋಡಿಯಂ ಚಾನೆಲ್ (ನರಕೋಶದೊಳಗೆ ಸೋಡಿಯಂ ಬಿಡುವ ಪುಟ್ಟ ಬಾಗಿಲು) ತೆರೆದು, ಕೆಲವೇ ಮಿಲಿಸೆಕೆಂಡಿನಲ್ಲಿ ಮುಚ್ಚಿಕೊಳ್ಳಬೇಕು ಅಲ್ವಾ, ಟಾಕ್ಸಿನ್ ಹೊರಗಿನಿಂದ ಅಂಟಿಕೊಂಡು, ಬಾಗಿಲಿಗೆ ಕಲ್ಲು ಇಟ್ಟ ಹಾಗೆ, ಅದನ್ನು ಬೇಗ ಮುಚ್ಚಲು ಬಿಡುವುದಿಲ್ಲ, ನರ ಸಂದೇಶ ಕಳಿಸುತ್ತಲೇ ಇರುತ್ತದೆ, ಅಡ್ರಿನಲಿನ್ ಮೈತುಂಬ ಸುರಿಯುತ್ತದೆ. ವಾಂತಿ, ಬೆವರು, ತಣ್ಣಗಾಗುವ ಕೈಕಾಲು, ಏರುವ ಬಿಪಿ ಎಲ್ಲ ಅದರಿಂದಲೇ. ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಇದೇ ಚೇಳಿನ ಇನ್ನೊಂದು ಟಾಕ್ಸಿನ್ ಐಬೀರಿಯೋಟಾಕ್ಸಿನ್. ಇದರಲ್ಲಿ 37 ಅಮೈನೋ ಆಮ್ಲ, 3 ಡೈಸಲ್ಫೈಡ್ ಬಂಧ. ಇದು ಒಂದು ಬಗೆಯ ಪೊಟ್ಯಾಸಿಯಂ ಚಾನೆಲನ್ನು ಮುಚ್ಚುತ್ತದೆ, ಹಾಗಾಗಿ ಆ ಚಾನೆಲ್ ಏನು ಮಾಡುತ್ತದೆ ಅಂತ ತಿಳಿಯಲು ಪ್ರಯೋಗಾಲಯಗಳಲ್ಲಿ ತುಂಬ ಬಳಕೆಯಲ್ಲಿದೆ.

ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಈ ಚೇಳು ಕುಟುಕಿದವರಿಗೆ ಪ್ರಜೋಸಿನ್ ಎಂಬ ಬಿಪಿ ಇಳಿಸುವ ಮಾತ್ರೆ ಬಳಸಿ ಎಷ್ಟೋ ಜೀವ ಉಳಿಸಿದರು. ಕುಟುಕಿದ ಮೇಲೆ ಮಂತ್ರ ಹಾಕಿಸಲು ಹೋಗಿ ಸುಮ್ನೆ ಹೊತ್ತು ಕಳೆಯಬೇಡಿ, ಕುಟುಕಿದ ಜಾಗ ಕೊಯ್ಯಬೇಡಿ. ಬೆವರು, ವಾಂತಿ ಶುರುವಾಗುವ ಮೊದಲೇ ಹತ್ತಿರದ ಆಸ್ಪತ್ರೆಗೆ ಹೊರಡಿ.