‘ನಿಮ್ಮಿಂದ ಆಗುತ್ತಾ?’ ಅಂತ ಕೇಳಿದರೆ ಏನು ಹೇಳಬೇಕು
ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ: ವಿಕಲಚೇತನರಿಗೆ ಕೆಲಸ ಸಿಗುವುದು, ಸಿಕ್ಕ ಕೆಲಸ ಉಳಿಯುವುದು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತಿದ್ದೇನೆ. ಹುಟ್ಟಿನಿಂದ ಎಡಗಾಲು ಗಿಡ್ಡ, ಊರುಗೋಲು ಹಿಡಿದು ನಡೆಯುತ್ತೇನೆ. ಫೋನಿನಲ್ಲಿ ಚೆನ್ನಾಗಿ ಮಾತಾಡಿದವರೇ ಮೈಸೂರಿಗೆ ಇಂಟರ್‌ವ್ಯೂಗೆ ಹೋದಾಗ ಕಾಲು ನೋಡಿ ‘ನಿಮ್ಮಿಂದ ಆಗುತ್ತಾ?’ ಅಂತಾರೆ. ಅರ್ಜಿಯಲ್ಲೇ ಎಲ್ಲಾ ಬರೆದುಬಿಡಲಾ? ಅಪ್ಪ ‘ಸುಮ್ನೆ ಅಲೆಯಬೇಡ, ಸರ್ಕಾರಿ ಕೆಲಸಕ್ಕೆ ಕಾಯಿ, ಮೀಸಲಾತಿ ಇದೆ’ ಅಂತಾರೆ.

ಉತ್ತರ: ಮೊದಲು ಅಪ್ಪನ ಮಾತು. ಮೀಸಲಾತಿ ಇರುವುದು ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಿಡಬೇಕು ಅನ್ನುತ್ತದೆ, ಮೊದಲಿದ್ದ 1995ರ ಕಾಯ್ದೆಯಲ್ಲಿ ಅದು ಶೇ. 3 ಇತ್ತು. ಅರ್ಜಿ ಹಾಕಿ, ಪರೀಕ್ಷೆ ಬರೆಯಿರಿ. ಆದರೆ ಅಧಿಸೂಚನೆ ಯಾವಾಗ ಬರುತ್ತೋ, ಫಲಿತಾಂಶ ಯಾವಾಗ ಬರುತ್ತೋ, ನಡುವೆ ಯಾರಾದರೂ ಕೋರ್ಟಿಗೆ ಹೋದರೆ ಇನ್ನೆಷ್ಟು ವರ್ಷವೋ. ಅಲ್ಲಿಯವರೆಗೆ ಮನೆಯಲ್ಲಿ ಕೂತರೆ ಕಲಿತ ಟ್ಯಾಲಿಯೂ ಮರೆತುಹೋಗುತ್ತದೆ. ಖಾಸಗಿ ಕೆಲಸ ಮಾಡುತ್ತಲೇ ಪರೀಕ್ಷೆ ಬರೆಯಬಹುದು ಅಂತ ಅಪ್ಪನಿಗೆ ನಿಧಾನವಾಗಿ ಹೇಳಿ.

ಇನ್ನು ಅರ್ಜಿಯಲ್ಲಿ ಬರೆಯುವ ವಿಷಯ. ಖಾಸಗಿ ಕಂಪನಿಯ ಅರ್ಜಿಯಲ್ಲಿ ಕಾಲಿನ ಬಗ್ಗೆ ಬರೆಯಲೇಬೇಕು ಅಂತ ಇಲ್ಲ. ಬಯೋಡೇಟಾದಲ್ಲಿ ನಿಮ್ಮ ಓದು, ಟ್ಯಾಲಿ, ಗೊತ್ತಿರುವ ಕೆಲಸ ಇರಲಿ, ಅಷ್ಟು ಸಾಕು. ಇಂಟರ್‌ವ್ಯೂ ದಿನ ಗೊತ್ತಾದ ಮೇಲೆ ಫೋನಿನಲ್ಲಿ ಒಂದೇ ಮಾತು ಕೇಳಿ: ‘ನಾನು ಊರುಗೋಲು ಹಿಡಿದು ನಡೆಯುವವನು, ಆಫೀಸು ಯಾವ ಮಹಡಿಯಲ್ಲಿದೆ, ಲಿಫ್ಟ್ ಇದೆಯಾ ಸಾರ್?’ ಅಷ್ಟೇ. ಎದುರಿಗೆ ನೋಡಿದಾಗ ಅವರಿಗೆ ಆಗುವ ಗಲಿಬಿಲಿ ಆ ಒಂದು ಮಾತಿನಲ್ಲೇ ತೀರಿಹೋಗುತ್ತದೆ, ಮೇಲಾಗಿ ತನ್ನ ವ್ಯವಸ್ಥೆ ತಾನೇ ನೋಡಿಕೊಳ್ಳುವ ಹುಡುಗ ಅಂತಲೂ ಗೊತ್ತಾಗುತ್ತದೆ.

ಅದಾದ ಮೇಲೂ ‘ನಿಮ್ಮಿಂದ ಆಗುತ್ತಾ?’ ಅಂದರೆ? ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡೇ ದುಡಿದವಳು ನಾನು, ಆ ಪ್ರಶ್ನೆ ಎಷ್ಟು ಚುಚ್ಚುತ್ತದೆ ಅಂತ ಗೊತ್ತು. ಆದರೂ ಅದನ್ನು ಕೆಲಸದ ಬಗ್ಗೆ ಕೇಳಿದ ಪ್ರಶ್ನೆ ಅಂತಲೇ ತೆಗೆದುಕೊಂಡು ಕೆಲಸದ ಮಾತಿನಲ್ಲೇ ಉತ್ತರ ಕೊಡಿ. ‘ಆಗುತ್ತೆ ಸಾರ್, ಪ್ರಯತ್ನ ಮಾಡ್ತೀನಿ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ‘ಬಿಲ್ ಎಂಟ್ರಿ, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಇವಕ್ಕೆ ನನಗೆ ಬೇರೆ ಯಾವ ಅನುಕೂಲವೂ ಬೇಡ. ಬ್ಯಾಂಕಿಗೆ ಹೋಗಿಬರಬೇಕಾದರೆ ಆಟೊದಲ್ಲಿ ಹೋಗಿಬರುತ್ತೇನೆ. ಗೋಡೌನಿನಲ್ಲಿ ಏಣಿ ಹತ್ತಿ ಸ್ಟಾಕ್ ಎಣಿಸುವುದು ಮಾತ್ರ ನನ್ನಿಂದ ಆಗದು, ಮೇಲಿರುವುದನ್ನು ಇನ್ನೊಬ್ಬರು ಎಣಿಸಿದರೆ ಕೆಳಗಿನದು ಮತ್ತು ಲೆಕ್ಕ ನಾನು ನೋಡಿಕೊಳ್ಳುತ್ತೇನೆ.’ ಹೀಗೆ ಹೇಳಿ. ಆಗದ್ದನ್ನು ಆಗದು ಅಂತ ಹೇಳಿದರೆ, ಆಗುತ್ತೆ ಅಂದದ್ದರ ಮೇಲೆ ನಂಬಿಕೆ ಬರುತ್ತದೆ.

20 ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಯೂ ‘ಸಮಾನ ಅವಕಾಶ ನೀತಿ’ ಬರೆದು ಪ್ರಕಟಿಸಬೇಕು ಅಂತ ಕಾಯ್ದೆಯ ನಿಯಮ ಇದೆ. ವಿಕಲಚೇತನರಿಗೆ ಯಾವ ಹುದ್ದೆ, ಏನು ಸೌಲಭ್ಯ, ಅದನ್ನು ನೋಡಿಕೊಳ್ಳುವ ಅಧಿಕಾರಿ ಯಾರು, ಎಲ್ಲಾ ಅದರಲ್ಲಿರಬೇಕು. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಆಚೆ ನಂಜನಗೂಡು ಕಡೆಯ ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕುವಾಗ ಎಚ್‌ಆರ್ ಹತ್ತಿರ ಆ ನೀತಿಯ ಪ್ರತಿ ಕೇಳಿ. ಕೇಳುವವರು ಇದ್ದಾರೆ ಅಂತ ಅವರಿಗೂ ಗೊತ್ತಾಗಲಿ.

ಓಡಾಟಕ್ಕೆ ಕೆಎಸ್ಆರ್‌ಟಿಸಿಯ ರಿಯಾಯಿತಿ ಪಾಸ್ ಮಾಡಿಸಿ, ಮನೆಯಿಂದ 100 ಕಿ.ಮೀ. ಒಳಗೆ ನಡೆಯುತ್ತದೆ, ಮೈಸೂರು ಅದರೊಳಗೇ ಬಂತು. ಬೆಳಗಿನ ಬಸ್ಸಿನ ನೂಕುನುಗ್ಗಲಿನಲ್ಲಿ ಊರುಗೋಲು ಹಿಡಿದು ಹತ್ತುವುದು ಕಷ್ಟ, ಅದಕ್ಕೆ ಅರ್ಧ ಗಂಟೆ ತಡವಾಗಿ ಬಂದು ಅರ್ಧ ಗಂಟೆ ತಡವಾಗಿ ಹೋಗುತ್ತೇನೆ ಅಂತ ಕೆಲಸಕ್ಕೆ ಸೇರುವ ಮೊದಲೇ ಕೇಳಿಕೊಳ್ಳಿ. ಮತ್ತೆ, ‘ಕೆಲಸ ಕೊಡ್ತೀವಿ, ಸಂಬಳ ಸ್ವಲ್ಪ ಕಡಿಮೆ’ ಅಂದರೆ ಒಪ್ಪಬೇಡಿ. ಅದೇ ಕುರ್ಚಿಯಲ್ಲಿ ಬೇರೆಯವರು ಕೂತರೆ ಎಷ್ಟು ಕೊಡುತ್ತೀರಿ ಅಂತ ಕೇಳಿ, ಅಷ್ಟೇ ಕೇಳಿ.

ಪ್ರಶ್ನೆ: ನನ್ನ ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮೈಸೂರಿನಲ್ಲಿ ವಿಕಲಚೇತನರಿಗೆಂದೇ ಇರುವ ಜೆಎಸ್ಎಸ್ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ. ಹೂಟಗಳ್ಳಿ ಕಡೆ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಈಗ ಬಿಡುತ್ತೇನೆ ಅಂತಾನೆ. ಶಿಫ್ಟ್ ಬದಲಾಗಿದ್ದು ಇವನಿಗೆ ಯಾರೂ ಹೇಳಲಿಲ್ಲ, ಗೈರುಹಾಜರಿ ಹಾಕಿದರು. ನಾನೇ ಹೋಗಿ ಸೂಪರ್‌ವೈಸರ್ ಹತ್ತಿರ ಮಾತಾಡಲಾ?

ಉತ್ತರ: ಬೇಡ ಅಮ್ಮ, ನೀವು ಹೋಗಬೇಡಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ದುಡಿಯುವ ಮಗನ ಪರವಾಗಿ ತಾಯಿ ಗೇಟಿನ ಹತ್ತಿರ ಬಂದು ನಿಂತರೆ ಅಲ್ಲಿರುವವರು ಅವನನ್ನು ಇನ್ನಷ್ಟು ಚಿಕ್ಕ ಹುಡುಗನ ಹಾಗೆ ನೋಡುತ್ತಾರೆ. ಅವನೇ ಬರೆಯಲಿ. ನೀವು ಪಕ್ಕದಲ್ಲಿ ಕೂತು ಸಹಾಯ ಮಾಡಿ.

ಏನು ಬರೆಯಬೇಕು? ‘ನನಗೆ ಕಿವಿ ಕೇಳಿಸದು, ದಯವಿಟ್ಟು ಸಹಕರಿಸಿ’ ಅಂತ ಬರೆದರೆ ಪಾಪ ಅಂದುಕೊಂಡು ಸುಮ್ಮನಾಗುತ್ತಾರೆ. ಏನಾಯಿತು, ಏನು ಬೇಕು, ಅದನ್ನು ಬರೆಯಬೇಕು. ಶಿಫ್ಟ್ ಬದಲಾದದ್ದನ್ನು ಕ್ಯಾಂಟೀನಿನಲ್ಲಿ ಬಾಯಲ್ಲಿ ಹೇಳಿದರು, ನನಗೆ ಗೊತ್ತಾಗಲಿಲ್ಲ, ಆ ದಿನದ ಗೈರುಹಾಜರಿ ತೆಗೆಯಬೇಕು. ಇನ್ನು ಮುಂದೆ ಶಿಫ್ಟು, ರಜೆ, ಓವರ್‌ಟೈಮ್ ಎಲ್ಲವನ್ನೂ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಬೇಕು, ಅದೂ ಧ್ವನಿ ಸಂದೇಶ ಅಲ್ಲ, ಅಕ್ಷರದಲ್ಲಿ. ಸ್ಟೋರ್ಸ್‌ನಿಂದ ಏನು ಕೊಡಬೇಕು ಅನ್ನುವುದು ಚೀಟಿಯಲ್ಲಿ ಬರಲಿ. ಬೆಂಕಿಯ ಸೈರನ್ ಕೇಳಿಸುವುದಿಲ್ಲ, ಕೂರುವ ಜಾಗದಲ್ಲಿ ಮಿನುಗುವ ಕೆಂಪು ದೀಪ ಹಾಕಿಸಬೇಕು, ಅದು ಆಗುವವರೆಗೆ ಪಕ್ಕದವರೊಬ್ಬರು ಬಂದು ಭುಜ ತಟ್ಟುವ ಜವಾಬ್ದಾರಿ ಹೊರಬೇಕು. ಇದರಲ್ಲಿ ದುಡ್ಡು ಖರ್ಚಾಗುವುದು ಆ ದೀಪಕ್ಕೆ ಮಾತ್ರ. ಉಳಿದದ್ದಕ್ಕೆ ಬೇಕಾಗಿರುವುದು ಯಾರೋ ಒಬ್ಬರು ‘ನಾನು ನೋಡಿಕೊಳ್ಳುತ್ತೇನೆ’ ಅನ್ನುವುದು.

ಒಂಟಿತನದ್ದು ಬೇರೆಯೇ ವಿಷಯ, ಕೆಲಸ ಬಿಡಿಸುವುದು ಹೆಚ್ಚಾಗಿ ಅದೇ. ಊಟದ ಹೊತ್ತಿನಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಯಾಕೆ ಅಂತ ಇವನಿಗೆ ಯಾರೂ ಹೇಳುವುದಿಲ್ಲ. ಸಹೋದ್ಯೋಗಿಗಳಿಗೆ ಊಟ, ನೀರು, ಯಂತ್ರ ನಿಲ್ಲಿಸು, ಬೇಗ, ನಾಳೆ, ಇಂಥ ದಿನಬಳಕೆಯ ಸನ್ನೆಗಳನ್ನು ಅವನೇ ಕಲಿಸಲಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ಸನ್ನೆ ನಿಘಂಟು ಹೊರತಂದಿದೆ, ವಿಡಿಯೊಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ಹಿಯರಿಂಗ್ ಏಡ್, ಸಲಹೆ ಏನಾದರೂ ಬೇಕಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಿಮ್ಮ ಊರಿನಲ್ಲೇ ಇದೆ, ದೇಶದ ಬೇರೆ ಬೇರೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಇಷ್ಟೆಲ್ಲಾ ಕೇಳಿದ ಮೇಲೂ ಏನೂ ಬದಲಾಗದಿದ್ದರೆ ಬೇರೆ ಕೆಲಸ ಹುಡುಕಲಿ. ಆದರೆ ಅದು ಸಿಕ್ಕ ಮೇಲೆ ಇದನ್ನು ಬಿಡಲಿ.

ಪ್ರಶ್ನೆ: ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡ್ ಇಲ್ಲದೆ ಕೆಲಸಕ್ಕೆ ಅರ್ಜಿ ಹಾಕಬಹುದಾ? ಕಾರ್ಡ್ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ. — ನಾಗಮಂಗಲ

ಉತ್ತರ: ದುಡ್ಡು ಕೊಡಬೇಡಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷೆ ಮಾಡುತ್ತಾರೆ. ಮಂಡ್ಯದವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮಿಮ್ಸ್, ಹತ್ತಿರ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯು ಅಂತ ಕೇಳಿದರೆ ತೋರಿಸುತ್ತಾರೆ, ಅರ್ಜಿ ತುಂಬಲು ಸಹಾಯ ಮಾಡುವುದು ಅವರ ಕೆಲಸವೇ. ಖಾಸಗಿ ಕೆಲಸಕ್ಕೆ ಕಾರ್ಡ್ ಇಲ್ಲದೆಯೂ ಅರ್ಜಿ ಹಾಕಬಹುದು. ಮೀಸಲಾತಿಗೆ ಮಾತ್ರ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಬೇಕೇ ಬೇಕು.

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ಕೆಲಸಕ್ಕೆ ಸೇರಿದಾಗ ಕಣ್ಣು ಸರಿಯಾಗಿತ್ತು. ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಹೇಳಿದ್ದಾರೆ, ಈಗ ಕಡತ ಓದಲು ಆಗುತ್ತಿಲ್ಲ. ಮೇಲಿನವರು ‘ಸ್ವಯಂ ನಿವೃತ್ತಿ ತಗೊಂಡುಬಿಡಿ, ಪಿಂಚಣಿ ಬರುತ್ತೆ’ ಅನ್ನುತ್ತಿದ್ದಾರೆ. ಇನ್ನೂ ಮಕ್ಕಳ ಓದು ಮುಗಿದಿಲ್ಲ.

ಉತ್ತರ: ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಿವೃತ್ತಿ ಪತ್ರಕ್ಕಂತೂ ಬೇಡವೇ ಬೇಡ, ನೀವಾಗಿಯೇ ಬಿಟ್ಟರೆ ಕಾಯ್ದೆ ಕೊಟ್ಟ ರಕ್ಷಣೆಯನ್ನು ನೀವೇ ಕಳೆದುಕೊಂಡ ಹಾಗೆ.

2016ರ ಕಾಯ್ದೆಯ 20ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್ ಹೇಳುವುದು ಇಷ್ಟು: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವ ಹಾಗಿಲ್ಲ. ಈಗಿನ ಹುದ್ದೆ ಹೊಂದದಿದ್ದರೆ ಅದೇ ವೇತನಶ್ರೇಣಿಯಲ್ಲಿ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ ಸಿಗುವವರೆಗೆ, ಅಥವಾ ನಿವೃತ್ತಿ ವಯಸ್ಸಿನವರೆಗೆ, ಹೆಚ್ಚುವರಿ ಹುದ್ದೆ ಮಾಡಿ ಅದರಲ್ಲಿ ಇಡಬೇಕು. ಹಳೆಯ ಕಾಯ್ದೆಯಲ್ಲೂ ಇದೇ ರಕ್ಷಣೆ ಇತ್ತು. ಕಾಲು ಕಳೆದುಕೊಂಡ ಒಬ್ಬ ಕಾನ್‌ಸ್ಟೇಬಲ್ ವಿಷಯದಲ್ಲಿ, ಕುನಾಲ್ ಸಿಂಗ್ ಪ್ರಕರಣದಲ್ಲಿ, 2003ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅಶಕ್ತತೆಯ ಪಿಂಚಣಿ ಕೊಟ್ಟಿದ್ದೇವಲ್ಲ ಅನ್ನುವ ವಾದ ಅಲ್ಲಿ ನಡೆಯಲಿಲ್ಲ.

ಈಗ ಮಾಡಬೇಕಾದ್ದು. ಮೊದಲು ಕಣ್ಣಿನ ಪ್ರಮಾಣಪತ್ರ. ಆಮೇಲೆ ಕಚೇರಿ ಮುಖ್ಯಸ್ಥರಿಗೆ ಒಂದು ಪುಟದ ಮನವಿ, ಸೆಕ್ಷನ್ ಹೆಸರು ಹಾಕಿ, ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬಾಯಲ್ಲಿ ಆಡಿದ ಮಾತಿಗೆ ನಾಳೆ ಯಾರೂ ಹೊಣೆ ಆಗುವುದಿಲ್ಲ. ಹಿಂಬರಹ ಕೇಳಿ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ವಿಕಲಚೇತನರ ಕುಂದುಕೊರತೆಗೆ ಒಬ್ಬ ಅಧಿಕಾರಿ ಇರಬೇಕು, ಮುಂದಿನ ಹೆಜ್ಜೆ ಅವರು. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ, ವಿಕಲಚೇತನರ ವಿಷಯ ನೋಡುವ ರಾಜ್ಯ ಆಯುಕ್ತರಿಗೆ ದೂರು.

ಆದರೆ ಕುರ್ಚಿ ಉಳಿದರೆ ಸಾಲದು, ಕೆಲಸವೂ ನಿಮ್ಮ ಕೈಯಲ್ಲಿರಬೇಕು, ಅಲ್ವಾ? ಮೂಲೆಯಲ್ಲಿ ಕೂರಿಸಿ ಸಂಬಳ ಕೊಟ್ಟರೆ ಮನಸ್ಸು ಕುಗ್ಗಿಹೋಗುತ್ತದೆ. ಎನ್‌ವಿಡಿಎ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಇಲ್ಲಿ ಒಂದು ತೊಡಕು ಇದೆ, ಕಚೇರಿಗಳಲ್ಲಿ ಇದನ್ನು ಗಮನಿಸುವವರು ಕಡಿಮೆ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ, ಆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಹಾಗಾಗಿ ತಂತ್ರಾಂಶ ಅದನ್ನು ಅರ್ಥವಿಲ್ಲದ ಶಬ್ದಗಳಾಗಿ ಓದುತ್ತದೆ. ಕಂಪ್ಯೂಟರ್ ಕನ್ನಡ ಅಕ್ಷರ ಅಂತಲೇ ಗುರುತಿಸುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಸರಿಯಾಗಿ ಓದುತ್ತದೆ. ಸ್ಕ್ಯಾನ್ ಮಾಡಿ ಹಾಕಿದ ಪುಟ ಬರೀ ಚಿತ್ರ, ಅದನ್ನು ಹಾಗೇ ಓದಲು ಆಗದು. ಆದ್ದರಿಂದ ನಿಮ್ಮ ಮನವಿಯಲ್ಲಿ ಎರಡು ಸಾಲು ಸೇರಿಸಿ: ನನಗೆ ಬರುವ ಪತ್ರಗಳು ಯೂನಿಕೋಡ್‌ನಲ್ಲಿರಲಿ, ಎನ್‌ವಿಡಿಎ ಕಲಿಯಲು ತರಬೇತಿಗೆ ಕಳಿಸಿ. ಸ್ವಲ್ಪವಾದರೂ ನೋಟ ಉಳಿದಿರುವಾಗಲೇ ಕಲಿಯಲು ಶುರು ಮಾಡಿ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳೂ ಇವೆ, ಕಂಪ್ಯೂಟರ್ ಗೊತ್ತಿರುವ ಸಹೋದ್ಯೋಗಿ ಒಂದು ಮಧ್ಯಾಹ್ನದಲ್ಲಿ ತೋರಿಸಿಕೊಡಬಲ್ಲರು.

ಪ್ರಶ್ನೆ: ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತಿದ್ದೇನೆ. ಆಫೀಸಿನಲ್ಲಿ ಹೇಳಬೇಕಾ? ಬೆಳಗ್ಗೆ ಏಳಲು ತುಂಬಾ ಕಷ್ಟ. — ಮೈಸೂರು

ಉತ್ತರ: ಎಲ್ಲರಿಗೂ ಹೇಳುವ ಅಗತ್ಯ ಇಲ್ಲ. ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಎಚ್‌ಆರ್‌ನಲ್ಲಿ ನಂಬಿಕೆ ಇರುವ ಒಬ್ಬರಿಗೆ, ‘ವೈದ್ಯಕೀಯ ಕಾರಣಕ್ಕೆ ಎರಡನೇ ಶಿಫ್ಟ್ ಬೇಕು’ ಅಂತ ವೈದ್ಯರ ಚೀಟಿ ಜೊತೆ ಕೇಳಿ, ಕಾಯಿಲೆಯ ಹೆಸರು ಚೀಟಿಯಲ್ಲಿ ಬೇಡ ಅಂತ ವೈದ್ಯರಿಗೇ ಹೇಳಬಹುದು. ಮಾತ್ರೆ ತೆಗೆದುಕೊಳ್ಳುವ ಹೊತ್ತು ಬದಲಾಯಿಸಬಹುದಾ ಅಂತಲೂ ಅವರನ್ನೇ ಕೇಳಿ. ಆದರೆ ಕೆಲಸಕ್ಕೋಸ್ಕರ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಇದನ್ನು ತುಂಬಾ ಕಾಳಜಿಯಿಂದ ಹೇಳುತ್ತಿದ್ದೇನೆ.

ಪ್ರಶ್ನೆ: ಮದ್ದೂರಿನಲ್ಲಿ ಚಿಕ್ಕ ಗಾರ್ಮೆಂಟ್ಸ್ ಘಟಕ ಇಟ್ಟಿದ್ದೇನೆ. ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬ ಹೆಣ್ಣುಮಗಳು ಕೆಲಸ ಕೇಳಿಕೊಂಡು ಬಂದಿದ್ದರು. ಹೊಲಿಗೆ ಚೆನ್ನಾಗಿದೆ. ಕೊಡುವ ಮನಸ್ಸಿದೆ, ಏನೇನು ಮಾಡಿಸಬೇಕು ಗೊತ್ತಿಲ್ಲ.

ಉತ್ತರ: ನಿಮ್ಮಂಥವರ ಪತ್ರ ಇನ್ನೂ ಬರಲಿ. ಕಾಲಿನ ಪೆಡಲ್ ಬದಲು ಕೈಯಲ್ಲೋ ಮೊಣಕೈಯಲ್ಲೋ ಒತ್ತಿ ಮೋಟರ್ ಓಡಿಸುವ ಹಾಗೆ ಮಾಡಲು ಆಗುತ್ತಾ ಅಂತ ಮೆಷಿನ್ ಮೆಕ್ಯಾನಿಕ್ ಹತ್ತಿರ ಕೇಳಿ. ಮನೆಯಲ್ಲಿ ಹೇಗೆ ಹೊಲಿಯುತ್ತಿದ್ದರು ಅಂತ ಅವರನ್ನೇ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬಾಗಿಲ ಮುಂದಿನ ಮೆಟ್ಟಿಲಿಗೆ ಇಳಿಜಾರು ಹಾಕಿಸುವಾಗ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಅದಕ್ಕಿಂತ ಕಡಿದು ಬೇಡ. ಗಾಡಿ ಹತ್ತಿಸಲು ಹಾಕುವ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಎಲ್ಲಕ್ಕಿಂತ ಮೊದಲು ಶೌಚಾಲಯ. ಹೆಣ್ಣುಮಕ್ಕಳು ಇಂಥ ಕೆಲಸ ಬಿಡುವುದು ಎಷ್ಟೋ ಸಲ ಇದಕ್ಕೇ, ಬಾಯಿಬಿಟ್ಟು ಹೇಳುವುದಿಲ್ಲ, ಬೆಳಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ, ಕೊನೆಗೆ ಆರೋಗ್ಯ ಕೆಟ್ಟು ಮನೆಗೆ ಹೋಗುತ್ತಾರೆ. ಕಮೋಡ್ ಇರಲಿ, ಪಕ್ಕದ ಗೋಡೆಗೆ ಗಟ್ಟಿ ಹಿಡಿಕೆ, ಬಾಗಿಲು ಹೊರಗೆ ತೆರೆಯಲಿ, ಒಳಗೆ ಕುರ್ಚಿ ತಿರುಗುವಷ್ಟು ಜಾಗ. ಸಂಬಳ ಉಳಿದವರಷ್ಟೇ. ನಿಮ್ಮ ಘಟಕ ನೌಕರರ ಆರೋಗ್ಯ ವಿಮೆಯಾದ ಇಎಸ್ಐಗೆ ಸೇರಿದ್ದರೆ ಅವರನ್ನೂ ಸೇರಿಸಿ, ಉಳಿದವರಿಗೆ ತಿಂಗಳ ಸಂಬಳದ ಮಿತಿ 21,000 ರೂಪಾಯಿ ಆದರೆ ವಿಕಲಚೇತನರಿಗೆ 25,000. ಹಿಡಿಕೆ ಎಷ್ಟು ಎತ್ತರದಲ್ಲಿ, ಯಾವ ಕೈ ಕಡೆ ಅನ್ನುವುದನ್ನು ಮೇಸ್ತ್ರಿಯಾಗಲಿ ನೀವಾಗಲಿ ತೀರ್ಮಾನಿಸುವುದು ಬೇಡ. ಮೇಸ್ತ್ರಿ ಬರುವ ದಿನ ಅವರನ್ನೂ ಕರೆಸಿ, ಅಳತೆ ಅವರೇ ಹೇಳಲಿ.