ವಾಲ್ಯೂಮ್ ಸೊನ್ನೆಗಿಟ್ಟರೂ ಗುಂಯ್ ಸದ್ದು

ಪ್ರಶ್ನೆ: ನಮ್ಮ ಹಳೇ ಹೋಮ್ ಥಿಯೇಟರ್ ಆನ್ ಮಾಡಿದ ಕೂಡಲೇ ಗುಂಯ್ ಅನ್ನುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ನಿಲ್ಲುವುದಿಲ್ಲ. ಬಾಸ್ ಜೋರಾದರೆ ದನಿ ಒಡೆಯುತ್ತದೆ. ಒಳಗೆ 12-0-12 (ನಡುವಿನ ತಂತಿಯ ಎರಡೂ ಕಡೆ 12 ವೋಲ್ಟ್ ಎಸಿ ಕೊಡುವ) ಟ್ರಾನ್ಸ್‌ಫಾರ್ಮರ್ ಇದೆ. ರಿಪೇರಿಯವರು ಆಂಪ್ಲಿಫೈಯರ್ ಬೋರ್ಡೇ ಬದಲಿಸಬೇಕು ಅನ್ನುತ್ತಾರೆ. ಬದಲಿಸಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಸುಮ್ನೆ ದುಡ್ಡು ದಂಡ. ಮೊದಲು ಹಿಂದಿನ ಇನ್‌ಪುಟ್ ಪಿನ್‌ಗಳನ್ನೆಲ್ಲ ಕಿತ್ತು ಕೇಳಿ. ಸದ್ದು ನಿಂತರೆ ತೊಂದರೆ ಕೇಬಲ್ಲಿನದು, ಇಲ್ಲವೇ ಅರ್ತಿಂಗಿನದು. ನಿಲ್ಲದಿದ್ದರೆ ನನ್ನ ಅನುಮಾನ ಪವರ್ ಸಪ್ಲೈನ ಎರಡು ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ.

ನಮ್ಮ ಮನೆಗಳ ಕರೆಂಟು 50 ಹರ್ಟ್ಸ್. ಬ್ರಿಡ್ಜ್, ಅಂದರೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಜೋಡಣೆ, ದಾಟಿದ ಮೇಲೆ ಅದು ಸೆಕೆಂಡಿಗೆ 100 ಸಲ ಏರಿಳಿಯುವ ಡಿಸಿ ಆಗುತ್ತದೆ. ಇಳಿದಾಗಲೆಲ್ಲ ಕೊರತೆ ತುಂಬುವುದು ಕೆಪಾಸಿಟರ್. 4700 ಮೈಕ್ರೋಫ್ಯಾರಡ್ ಇದ್ದು 1 ಆಂಪಿಯರ್ ಎಳೆದರೆ ಏರಿಳಿತ ಸುಮಾರು 2 ವೋಲ್ಟ್. ಅದೇ ಕೆಪಾಸಿಟರ್ ಒಣಗಿ 1000ಕ್ಕೆ ಇಳಿದಿದ್ದರೆ? ಲೆಕ್ಕದಲ್ಲಿ 10 ವೋಲ್ಟ್ ಹತ್ತಿರ. 12 ವೋಲ್ಟ್ ಎಸಿ ಡಿಸಿ ಆದ ಮೇಲೆ ಸಪ್ಲೈ ಇರುವುದೇ 16 ವೋಲ್ಟ್ ಆಸುಪಾಸು! ಬಾಸ್ ಬಂದಾಗ ಕರೆಂಟು ಜಾಸ್ತಿ ಬೇಕು, ಸಿಗುವುದಿಲ್ಲ, ದನಿ ಒಡೆಯುತ್ತದೆ.

ಪ್ಲಗ್ ಕಿತ್ತು, ಕೆಪಾಸಿಟರ್ ಕಾಲುಗಳಿಗೆ 100 ಓಮ್, 5 ವ್ಯಾಟ್ ರೆಸಿಸ್ಟರ್ ಕೆಲವು ಸೆಕೆಂಡ್ ಹಿಡಿದು ಚಾರ್ಜ್ ಖಾಲಿ ಮಾಡಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಚಟ ಕೆಲವರಿಗಿದೆ, ನಿಮಗೆ ಬೇಡ. ತಲೆ ಉಬ್ಬಿದೆಯಾ, ಬುಡದಲ್ಲಿ ಅಂಟಂಟು ಇದೆಯಾ ನೋಡಿ. ತಲೆ ಚಪ್ಪಟೆಯಾಗಿದೆ ಅಂದಮಾತ್ರಕ್ಕೆ ಸರಿಯಿದೆ ಅಂತಲ್ಲ. ಸೆಟ್ ಮತ್ತೆ ಆನ್ ಮಾಡಿ, ಮೀಟರನ್ನು ಎಸಿ ರೇಂಜಿಗಿಟ್ಟು ಏರಿಳಿತ ಅಳೆಯುವುದಾದರೆ ಒಂದು ಪ್ರೋಬಿಗೆ ಸಣ್ಣ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸ್‌ನಲ್ಲಿ (ಒಂದರ ಹಿಂದೊಂದು ಸಾಲಾಗಿ) ಹಾಕಿಕೊಳ್ಳಿ. ಅಗ್ಗದ ಮೀಟರ್‌ಗಳು ಡಿಸಿಯನ್ನೇ ಎಸಿ ಅಂತ ತೋರಿಸಿ ದಾರಿ ತಪ್ಪಿಸುತ್ತವೆ.

ಹೊಸದು 4700 ಮೈಕ್ರೋಫ್ಯಾರಡ್, 35 ವೋಲ್ಟ್, 105 ಡಿಗ್ರಿ ಬಿಸಿ ತಡೆಯುವುದನ್ನೇ ಕೇಳಿ ತನ್ನಿ. ಎರಡನ್ನೂ ಒಟ್ಟಿಗೆ ಬದಲಿಸಿ. ಪ್ಲಸ್ ಮೈನಸ್ ಉಲ್ಟಾ ಹಾಕಿದರೆ ಸಿಡಿಯುತ್ತದೆ. ಹಾಗಾಗಿ ಮೊದಲ ಸಲ ಆನ್ ಮಾಡುವಾಗ ಫೇಸ್ ವಯರಿಗೆ 60 ವ್ಯಾಟಿನ ಹಳೇ ಬುರುಡೆ ಬಲ್ಬ್ ಸೀರೀಸ್‌ನಲ್ಲಿರಲಿ. ಎಲ್‌ಇಡಿ ನಡೆಯುವುದಿಲ್ಲ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.

ಇಷ್ಟಾದರೂ ಸದ್ದು ಹೋಗದಿದ್ದರೆ ಬ್ರಿಡ್ಜಿನ ನಾಲ್ಕು ಡಯೋಡ್ ಪರೀಕ್ಷಿಸಿ. ಒಂದು ಓಪನ್ ಆದರೂ (ಒಳಗೆ ಕಡಿದು ಕರೆಂಟು ಬಿಡದಿದ್ದರೂ) ಗುಂಯ್ ಸದ್ದು ಬರುತ್ತದೆ.