ಮೊದಲ 20 ವಚನಗಳು

ಆಪ್ತಸಲಹೆಗೆ ಆಕೆ ನನ್ನ ಹತ್ತಿರ ಬಂದದ್ದು ತನಗಾಗಿ ಅಲ್ಲ. "ನಮ್ಮ ಯಜಮಾನರ ವಿಶ್ವಾಸ ಕುಗ್ತಾ ಇದೆ. ಒಂದಿನ ಕರ್ಕೊಂಡು ಬರ್ತೀನಿ, ನೀವು ಸ್ವಲ್ಪ ಬುದ್ಧಿ ಹೇಳಬೇಕು" ಎಂದರು. ಕೂತ 10 ನಿಮಿಷದಲ್ಲಿ ಮೂರು ಸಲ "ದೇವರು ನಂಬಿಗಸ್ತನು" ಅಂದರು. ಮೂರು ಸಲವೂ ಅವರ ಕಣ್ಣು ನೆಲದ ಮೇಲೇ ಇತ್ತು.

(ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.)

ಆಕೆಯ ವಯಸ್ಸು 40 ದಾಟಿದೆ. ಕ್ರೈಸ್ತ ಸಭೆಯಲ್ಲೇ (ಚರ್ಚಿನಲ್ಲೇ) ಹುಟ್ಟಿ ಬೆಳೆದವರು, ಭಾನುವಾರದ ಆರಾಧನೆಯಲ್ಲಿ ಹಾಡು ನಡೆಸುವವರು. ಗಂಡನ ಎರಡೂ ಕಿಡ್ನಿ ಕೆಟ್ಟು 2 ವರ್ಷವಾಗಿದೆ. ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲವೂ ಸುಮಾರು 4 ತಾಸು ಯಂತ್ರದ ಪಕ್ಕ. ಹೋಗಿ ಬರುವುದು, ಆಮೇಲಿನ ಸುಸ್ತು ಎಲ್ಲ ಸೇರಿದರೆ ವಾರದಲ್ಲಿ ಮೂರು ದಿನ ಕೈಬಿಟ್ಟ ಹಾಗೇ. ಅವರ ಕೆಲಸ ಹೋಗಿದೆ. ಈಕೆ ಒಬ್ಬರ ದುಡಿಮೆಯಲ್ಲೇ ಮನೆ ನಡೆಯಬೇಕು. ಬಾಯಾರಿದರೆ ನೀರನ್ನೂ ಅಳೆದು ಕುಡಿಯಬೇಕಾದ ಬದುಕು ಗಂಡನದು.

ಮೊದಲ ವರ್ಷ ಸಭೆಯೆಲ್ಲ ಉಪವಾಸ ಮಾಡಿ ಪ್ರಾರ್ಥಿಸಿತು. ಆ ಪ್ರಾರ್ಥನೆಯಲ್ಲೇ ಒಬ್ಬರು "ಈ ವರ್ಷದೊಳಗೆ ಸಂಪೂರ್ಣ ಸ್ವಸ್ಥತೆ, ಕರ್ತನ ಮಾತು" ಎಂದು ಸಾರಿಬಿಟ್ಟರು. ವರ್ಷ ಮುಗಿಯಿತು. ಕಿಡ್ನಿ ಹಾಗೇ ಇತ್ತು. ಆಮೇಲೆ ಶುರುವಾಯಿತು ಪ್ರಶ್ನೆಗಳು. "ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಇದೆಯಾ?" ಎಂದರು ಒಬ್ಬರು. ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಹೋಗಿ, "ಒಂದು ವಾರ ಆ ಯಂತ್ರಕ್ಕೆ ಹೋಗದೆ ನಂಬಿ ನೋಡಿ" ಅಂದರು.

ಒಂದು ರಾತ್ರಿ ಗಂಡ "ನನಗೆ ಹೆದರಿಕೆ ಆಗ್ತಿದೆ" ಎಂದರಂತೆ. ಈಕೆ ತಟ್ಟನೆ, "ಅಂಥ ಮಾತು ಬಾಯಲ್ಲಿ ತರಬೇಡಿ, ಅದು ಅವಿಶ್ವಾಸ" ಎಂದು ತಡೆದರು. ಅಂದಿನಿಂದ ಅವರು ಮಾತೇ ಕಡಿಮೆ ಮಾಡಿದರು. ಈ ಮೌನವನ್ನೇ ಈಕೆ ವಿಶ್ವಾಸ ಕುಗ್ಗುವುದು ಎಂದು ಕರೆಯುತ್ತಿದ್ದರು.

ಮೊದಲ ಭೇಟಿಯಲ್ಲಿ ನಾನೂ ಒಂದು ತಪ್ಪು ಮಾಡಿದೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕಾಗಿಯೇ ಕೂಡಿ ಬರುತ್ತದೆ ಎನ್ನುವ, ಬೈಬಲ್ಲಿನ ರೋಮಾಪುರದವರ ಪತ್ರದ ಆ ಮಾತನ್ನು ಬೇಗ ತೆಗೆದುಬಿಟ್ಟೆ. ಆಕೆ ತಲೆಯಾಡಿಸಿದರು, "ಆಮೆನ್" ಅಂದರು, ಬ್ಯಾಗ್ ಎತ್ತಿಕೊಂಡು ಹೋದರು. ನಿಜವಾದ ಮಾತೇ, ಆದರೆ ಹೊತ್ತಲ್ಲದ ಹೊತ್ತು. ಬಾಗಿಲು ತೆರೆಯಬೇಕಿದ್ದ ಕಡೆ ನಾನು ಚಿಲಕ ಹಾಕಿದ್ದೆ. ಎರಡನೇ ಸಲ ಬಂದಾಗ ಮೊದಲು ಕ್ಷಮೆ ಕೇಳಿದೆ. ಆಗ ಮೊದಲ ಸಲ ಆಕೆ ತಲೆ ಎತ್ತಿ ನನ್ನ ಮುಖ ನೋಡಿದರು.

ಆ ದಿನ ಬೈಬಲ್ ವಾಕ್ಯದ ಮಾತು ಎತ್ತಲಿಲ್ಲ. ನಿದ್ದೆ ಎಷ್ಟು, ಊಟ ಹೇಗೆ ಎಂದು ಕೇಳಿದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ತೂಕ ಇಳಿದಿದೆ. ಹಾಡಿದರೆ ದನಿ ಬರುತ್ತದೆ, ಒಳಗೆ ಏನೂ ಬರುವುದಿಲ್ಲ. "ಕೆಲವು ದಿನ ಬೆಳಿಗ್ಗೆ ಏಳದೇ ಇದ್ದರೆ ಸಾಕು ಅನ್ಸುತ್ತೆ" ಎಂದರು. ಇಂಥ ಮಾತು ಬಂದಾಗ ಸುತ್ತಿ ಬಳಸಿ ಹೋಗಬಾರದು. "ಸಾಯುವ ಯೋಚನೆ ಬರುತ್ತಾ? ಏನಾದರೂ ಮಾಡಿಕೊಳ್ಳಬೇಕು ಅಂತ ಅನ್ನಿಸಿದೆಯಾ?" ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಬದಲಿಗೆ, ಕೇಳುವವರು ಒಬ್ಬರಿದ್ದಾರೆ ಎಂಬ ನಿರಾಳ ಸಿಗುತ್ತದೆ. ಅಂಥ ಉದ್ದೇಶ ಇಲ್ಲ, ಸುಸ್ತು ಮಾತ್ರ ಎಂದರು. ಆದರೂ ಎರಡು ವಾರಕ್ಕಿಂತ ಜಾಸ್ತಿ ಕಾಲ ನಿದ್ದೆ, ಹಸಿವು, ಆಸಕ್ತಿ ಮೂರೂ ಬಿದ್ದುಹೋಗಿದ್ದರೆ ವೈದ್ಯರು ನೋಡಲೇಬೇಕು. ಕಳಿಸಿದೆ. ಅದು ಖಿನ್ನತೆಯೇ ಆಗಿತ್ತು, ಮಾತ್ರೆ ಶುರುವಾಯಿತು.

"ಮಾತ್ರೆ ತಗೊಂಡರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗಲ್ವಾ?" ಎಂಬುದು ಅವರ ಮುಂದಿನ ಪ್ರಶ್ನೆ. ನಾನು ಎಲೀಯನ ಕಥೆ ನೆನಪಿಸಿದೆ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಆಮೇಲೆ ಅಡವಿಯ ಗಿಡದ ಕೆಳಗೆ ಮಲಗಿ "ಸಾಕು, ಪ್ರಾಣ ತೆಗೆದುಬಿಡು" ಎಂದ. ದೇವದೂತ ಅವನನ್ನು ಗದರಿಸಲಿಲ್ಲ, ಬೋಧನೆ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೇ ಸಲವೂ ಅದೇ. ದೇವರ ಜೊತೆ ಮಾತುಕತೆ ಏನಿದ್ದರೂ 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ. ಆಕೆಗೆ ಇದು ಚಿಕ್ಕಂದಿನಿಂದ ಗೊತ್ತಿದ್ದ ಕಥೆ. ದೇವರು ಅಲ್ಲಿ ಮೊದಲು ನೋಡಿಕೊಂಡದ್ದು ದೇಹವನ್ನು ಎನ್ನುವುದು ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಡಯಾಲಿಸಿಸ್ ಬಿಡುವ ಮಾತಿಗೆ ನಾನು ಮೃದುವಾಗಿ ಉತ್ತರಿಸಲಿಲ್ಲ. ಕಿಡ್ನಿ ನಿಂತ ದೇಹದಲ್ಲಿ ನೀರು, ಪೊಟ್ಯಾಸಿಯಂ ಸೇರುತ್ತಾ ಹೋಗುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. "ಒಂದು ಸಲವೂ ತಪ್ಪಿಸಬೇಡಿ. ಹಾಗೆ ಹೇಳಿದವರು ಮತ್ತೆ ಹೇಳಿದರೆ ನನ್ನ ಹತ್ತಿರ ಕಳಿಸಿ" ಎಂದೆ. ಹಿಜ್ಕೀಯ ರಾಜನಿಗೆ ಇನ್ನೂ 15 ವರ್ಷ ಆಯುಸ್ಸು ಕೊಡುತ್ತೇನೆಂದು ದೇವರೇ ಮಾತು ಕೊಟ್ಟಿದ್ದ. ಆದರೂ ಪ್ರವಾದಿ ಯೆಶಾಯ ಅಂಜೂರದ ಹಣ್ಣಿನ ಪಟ್ಟು ತರಿಸಿ ಹುಣ್ಣಿನ ಮೇಲೆ ಇಡಿಸಿದ. ವಾಗ್ದಾನ ಸಿಕ್ಕ ಮೇಲೂ ಔಷಧ ಬಿಡಲಿಲ್ಲ ಅಲ್ವಾ?

ಮೂರನೇ ಭೇಟಿಯನ್ನು ನಾನು ಮರೆಯುವುದಿಲ್ಲ. ಮನೆಯಲ್ಲಿ ಕಣ್ಣಿಗೆ ಬೀಳುವ ಕಡೆ ಯಾವ ವಾಕ್ಯ ಹಾಕಿಕೊಂಡಿದ್ದೀರಿ ಎಂದು ಸುಮ್ನೆ ಕೇಳಿದೆ. ಬೈಬಲ್ಲಿನ ಪ್ರಲಾಪಗಳು ಎಂಬ ಪುಸ್ತಕದ 3ನೇ ಅಧ್ಯಾಯದ 22, 23ನೇ ವಚನ. ಕರುಣೆ ದಿನದಿನವೂ ಹೊಸದು, ಆತನ ನಂಬಿಗಸ್ತಿಕೆ ದೊಡ್ಡದು ಎಂಬ ಮಾತು. "ಆ ಅಧ್ಯಾಯವನ್ನ 1ನೇ ವಚನದಿಂದ ಓದ್ತೀರಾ?" ಎಂದು ಸತ್ಯವೇದ (ಬೈಬಲ್) ಕೈಗೆ ಕೊಟ್ಟೆ.

ಗಟ್ಟಿಯಾಗಿ ಓದಲು ಶುರು ಮಾಡಿದರು. ನನ್ನನ್ನು ಕತ್ತಲೆಗೆ ನಡೆಸಿದ್ದಾನೆ. ಸುತ್ತ ಗೋಡೆ ಕಟ್ಟಿದ್ದಾನೆ. ಕೂಗಿದರೂ ನನ್ನ ಪ್ರಾರ್ಥನೆಗೆ ಅಡ್ಡ ಹಾಕಿದ್ದಾನೆ. ಹೊಂಚು ಹಾಕಿದ ಕರಡಿಯ ಹಾಗಿದ್ದಾನೆ. ಕಲ್ಲಿನಿಂದ ನನ್ನ ಹಲ್ಲು ಮುರಿಸಿದ್ದಾನೆ. ಇದೆಲ್ಲ ದೇವರ ಬಗ್ಗೆಯೇ. 16ನೇ ವಚನಕ್ಕೆ ಬರುವಾಗ ಆಕೆಯ ದನಿ ಹೋಯಿತು. ತುಂಬ ಹೊತ್ತು ಅತ್ತರು. ಕೊನೆಗೆ, "ಇದು ಇಲ್ಲೇ ಇತ್ತಾ? ಇಷ್ಟು ವರ್ಷ ನಾನು 22ರಿಂದಲೇ ಓದಿದ್ದೀನಿ" ಎಂದರು.

ಆ ಪುಸ್ತಕ ಹುಟ್ಟಿದ್ದು ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು (ಬ್ಯಾಬಿಲೋನಿಯನ್ನರು) ಯೆರೂಸಲೇಮನ್ನು ಸುಟ್ಟ ಸಂಕಟದಲ್ಲಿ. ಬರೆದವನ ಕಣ್ಣೆದುರು ಏನೂ ಸರಿಹೋಗಿರಲಿಲ್ಲ. ದೇವಾಲಯ ಬೂದಿಯಾಗಿತ್ತು. 23ನೇ ವಚನ ಬರೆದ ಮೇಲೂ ಅದು ಬೂದಿಯೇ. ಪುಸ್ತಕ ಮುಗಿಯುವುದೂ ಜಯದ ಕೂಗಿನಲ್ಲಿ ಅಲ್ಲ, ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಎಂಬ ಅಳುಕಿನಲ್ಲಿ. ದೇವರು ನಂಬಿಗಸ್ತನು ಎನ್ನುವುದಕ್ಕೆ ಮುಂಚೆ ಅವನು 20 ವಚನ ದೂರು ಹೇಳಿದ್ದಾನೆ. ಈಕೆ ಆ 20ನ್ನು ನುಂಗಿಕೊಂಡು 22ನ್ನು ಮಾತ್ರ ಹಾಡುತ್ತಿದ್ದರು. ನುಂಗಿದ್ದು ಎಲ್ಲಿಗೆ ಹೋಗುತ್ತದೆ? ಬೆಳಗಿನ ಮೂರು ಗಂಟೆಗೆ ಎದ್ದು ಕೂರುತ್ತದೆ.

ಹಾಗಾಗಿ ಕೊಟ್ಟ ಮೊದಲ ಕೆಲಸ ಇದು. ದಿನಕ್ಕೆ 15 ನಿಮಿಷ, ಒಂದು ನೋಟ್‌ಬುಕ್, ದೇವರಿಗೆ ದೂರು. ಚೆಂದದ ಮಾತು ಬೇಡ. ಮುಗಿಸುವಾಗ ಸ್ತೋತ್ರ ಸೇರಿಸಲೇಬೇಕು ಎಂದೇನೂ ಇಲ್ಲ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ. ಒಂದೇ ಷರತ್ತು: "ದೇವರು" ಎಂದು ಅವನ ಬಗ್ಗೆ ಬರೆಯಬಾರದು, "ನೀನು" ಎಂದು ಅವನಿಗೇ ಬರೆಯಬೇಕು. ಗೊಣಗಾಟಕ್ಕೂ ಪ್ರಲಾಪಕ್ಕೂ ನಾನು ಕಂಡ ವ್ಯತ್ಯಾಸ ಇಷ್ಟೇ. 15 ನಿಮಿಷದ ಗಡಿ ಯಾಕೆ ಅಂದರೆ, ಪ್ರಲಾಪಗಳ 3ನೇ ಅಧ್ಯಾಯಕ್ಕೂ ಒಂದು ಗಡಿ ಇದೆ. ಹೀಬ್ರೂ ಭಾಷೆಯ 22 ಅಕ್ಷರಗಳು, ಅಕ್ಷರಕ್ಕೆ ಮೂರರಂತೆ 66 ವಚನ. ಎದೆ ಒಡೆದವನು ಅಕ್ಷರಮಾಲೆ ಹಿಡಿದು ಅತ್ತಿದ್ದಾನೆ. ಕೊನೆಯ ಅಕ್ಷರ ಬಂದಾಗ ನಿಲ್ಲಿಸಿ ಉಸಿರು ತೆಗೆದುಕೊಳ್ಳಬಹುದು.

ಎರಡನೇ ಕೆಲಸ ಹೆಚ್ಚು ಕಷ್ಟದ್ದು. ಗಂಡ "ಹೆದರಿಕೆ" ಎಂದರೆ ತಿದ್ದಬಾರದು. ವಾಕ್ಯ ಹೇಳಬಾರದು. "ಯಾವುದರ ಹೆದರಿಕೆ?" ಎಂದು ಕೇಳಬೇಕು, ಅಷ್ಟೇ. ಮುಂದಿನ ಸಲ ಇಬ್ಬರೂ ಬಂದರು. ಗಂಡ ಹೇಳಿದ್ದನ್ನು ಕೇಳಿ ನನಗೂ ಆಶ್ಚರ್ಯವಾಯಿತು. ಅವರ ಹೆದರಿಕೆ ಸಾವಿನದ್ದಲ್ಲ. "ನಾನು ಗುಣ ಆಗದೇ ಹೋದರೆ ಇವಳು ದೇವರನ್ನ ಬಿಟ್ಟುಬಿಡ್ತಾಳೇನೋ ಅಂತ" ಎಂದರು. ವಿಶ್ವಾಸ ಕುಗ್ಗಿದೆ ಎಂದು ಯಾರನ್ನು ಕರೆತಂದಿದ್ದರೋ, ಅವರು ರಾತ್ರಿಯೆಲ್ಲ ಕರೆತಂದವರ ವಿಶ್ವಾಸಕ್ಕಾಗಿ ಪ್ರಾರ್ಥಿಸುತ್ತಿದ್ದರು.

ಆ "ಒಂದು ವರ್ಷದೊಳಗೆ" ಎಂಬ ಮಾತಿನ ಬಗ್ಗೆಯೂ ಮಾತಾಡಬೇಕಾಯಿತು. ಅದು ನೆರವೇರಲಿಲ್ಲವಾದರೆ ದೇವರು ಮಾತಿಗೆ ತಪ್ಪಿದಂತೆ ಅಲ್ಲವೇ ಎಂಬ ಮುಳ್ಳು ಇಬ್ಬರಲ್ಲೂ ಇತ್ತು. ಪ್ರವಾದಿ ಯೆರೆಮೀಯನ ಕಾಲದಲ್ಲಿ ಹನನ್ಯ ಎಂಬವನು ಎದ್ದು ನಿಂತು, ಎರಡು ವರ್ಷದೊಳಗೆ ಎಲ್ಲ ಸರಿಹೋಗುತ್ತದೆ ಎಂದು ದೇವರ ಹೆಸರಿನಲ್ಲೇ ಸಾರಿದ. ಜನಕ್ಕೆ ಬೇಕಾದ ಮಾತೇ ಅದು. ಯೆರೆಮೀಯ ಹೇಳಿದ್ದು ಬಾಬೆಲಿನ ಕೈಕೆಳಗೆ 70 ವರ್ಷ. ನಾವು ಕ್ಯಾಲೆಂಡರಿನಲ್ಲಿ ಪ್ರೀತಿಯಿಂದ ಓದುವ ಯೆರೆಮೀಯ 29:11, ನಿಮಗೆ ಗತಿಯಿರಲಿ, ನಿರೀಕ್ಷೆಯಿರಲಿ ಎಂಬ ಆ ವಚನ, ಬರುವುದು ಆ 70 ವರ್ಷದ ಮಾತಿನ ಮರುಸಾಲಿನಲ್ಲಿ. ಹನನ್ಯನ ಮಾತು ಬಿದ್ದುಹೋಯಿತು ಎಂದರೆ ದೇವರು ಬಿದ್ದುಹೋದ ಅಂತಲ್ಲ. ಯಾರೋ ಕೊಟ್ಟ ಮಾತಿಗೆ ದೇವರನ್ನು ಸಾಲಗಾರನನ್ನಾಗಿ ಮಾಡಬೇಡಿ ಎಂದೆ. ಆ ಮಾತು ಹೇಳಿದವರ ಮೇಲೆ ನನಗೆ ಸ್ವಲ್ಪ ಸಿಟ್ಟೂ ಇತ್ತು, ಒಪ್ಪಿಕೊಳ್ಳುತ್ತೇನೆ.

ಪಾಪದ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಲಿಲ್ಲ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಅದನ್ನೇ ಕೇಳಿದಾಗ, ಇವನೂ ಅಲ್ಲ, ತಂದೆತಾಯಿಯೂ ಅಲ್ಲ ಎಂದು ಯೇಸು ಹೇಳಿಯಾಗಿದೆ.

ಆದರೆ ಇನ್ನೊಂದು ಭಾರ ಇತ್ತು. ತಾನು ನಂಬುವುದನ್ನು ಬಿಟ್ಟರೆ ಎಲ್ಲವೂ ಕುಸಿಯುತ್ತದೆ ಎಂದು ಆಕೆ ಅಂದುಕೊಂಡಿದ್ದರು. ಮನೆಯ ಆಧಾರ ತನ್ನ ನಂಬಿಕೆ, ಅದು ಒಂದು ದಿನ ಸಡಿಲವಾದರೂ ಗಂಡ ಹೋಗಿಬಿಡುತ್ತಾರೆ ಎಂಬ ಭಯ. ಪ್ರಲಾಪಗಳ 3:23ರಲ್ಲಿ ನಂಬಿಗಸ್ತಿಕೆಗೆ ಇರುವ ಹೀಬ್ರೂ ಪದ ಎಮೂನಾ. ಅದೇ ಪದ ವಿಮೋಚನಕಾಂಡದ 17ನೇ ಅಧ್ಯಾಯದಲ್ಲೂ ಇದೆ, ಮೋಶೆಯ ಕೈಗಳ ಬಗ್ಗೆ. ಅಮಾಲೇಕ್ಯರ ಜೊತೆ ಯುದ್ಧ ನಡೆಯುವಾಗ ಅವನು ಕೈ ಎತ್ತಿದ್ದರೆ ಅವನ ಜನ ಗೆಲ್ಲುತ್ತಿದ್ದರು, ಆದರೆ ಕೈ ಸೋತು ಇಳಿಯಿತು. ಕೂರಲು ಕಲ್ಲು ಹಾಕಿದರು, ಒಂದು ಕಡೆ ಆರೋನ, ಇನ್ನೊಂದು ಕಡೆ ಹೂರ ಕೈ ಎತ್ತಿ ಹಿಡಿದರು. ಹೊತ್ತು ಮುಳುಗುವ ತನಕ ಕೈಗಳು ಎಮೂನಾ ಆಗಿದ್ದವು, ಅಂದರೆ ಅಲುಗದೆ ನಿಂತಿದ್ದವು. ಆ ಕೈಗೆ ಸ್ವಂತ ಬಲ ಇರಲಿಲ್ಲ.

"ನಿಮಗೆ ಆರೋನ ಯಾರು, ಹೂರ ಯಾರು?" ಎಂದೆ. ಉತ್ತರ ಬರಲಿಲ್ಲ. ಹಾಡು ನಡೆಸುವವರಿಗೆ ಸಹಾಯ ಬೇಕಾಗಬಹುದು ಎಂದು ಸಭೆಯಲ್ಲಿ ಯಾರಿಗೂ ತೋಚಿರಲಿಲ್ಲ. ಈಕೆಯೂ ಬಾಯಿ ಬಿಟ್ಟಿರಲಿಲ್ಲ. ಇಬ್ಬರ ಹೆಸರು ಬರೆಯಿಸಿದೆ. "ಪ್ರಾರ್ಥನೆ ಮಾಡಿ" ಎಂದು ಕೇಳಬೇಡಿ, ವಾರದಲ್ಲಿ ಒಂದು ಡಯಾಲಿಸಿಸ್ ದಿನ ನೀವು ಇವರ ಜೊತೆ ಹೋಗಿ ಕೂರುತ್ತೀರಾ ಎಂದು ಕೇಳಿ ಎಂದೆ. ಒಬ್ಬರು ಕೂಡಲೇ ಒಪ್ಪಿದರು. ಇನ್ನೊಬ್ಬರು ನೋಡೋಣ ಎಂದವರು ಇನ್ನೂ ನೋಡುತ್ತಲೇ ಇದ್ದಾರೆ.

ಸಭಾಪಾಲಕರ ಜೊತೆ ಮಾತಾಡಿ ಹಾಡು ನಡೆಸುವುದರಿಂದ ಸ್ವಲ್ಪ ಕಾಲ ಬಿಡುವು ತೆಗೆದುಕೊಂಡರು. ಭಾನುವಾರ ಗಂಡನ ಪಕ್ಕ ಕೂರುತ್ತಾರೆ. ಬೇರೆಯವರು ಹಾಡುವಾಗ ಕೆಲವು ಸಲ ಬಾಯಿ ಸೇರಿಸುತ್ತಾರೆ, ಕೆಲವು ಸಲ ಇಲ್ಲ. ದೇವರು ಮಾಡಿದ್ದನ್ನು ಸಭೆಯ ಮುಂದೆ "ಸಾಕ್ಷಿ ಹೇಳಿ" ಎಂದು ಒತ್ತಾಯಿಸಿದವರಿಗೆ "ನಮ್ಮದು ಇನ್ನೂ ನಡೀತಾ ಇದೆ" ಎಂದರಂತೆ. ನಾನು ಹೇಳಿಕೊಟ್ಟದ್ದಲ್ಲ, ಅವರದ್ದೇ ಮಾತು. ಈಗ ರಾತ್ರಿ ಐದು ತಾಸು ನಿದ್ದೆ ಬರುತ್ತಿದೆ. ಗಂಡನ ಕಿಡ್ನಿ ಹಾಗೇ ಇದೆ. ಕಸಿಗೆ ಹೆಸರು ನೋಂದಾಯಿಸಿ ಕಾಯುತ್ತಿದ್ದಾರೆ.

ಹೋದ ಭೇಟಿಯ ಕೊನೆಗೆ ಬಾಗಿಲ ಹತ್ತಿರ ನಿಂತು ಆಕೆ ಒಂದು ಪ್ರಶ್ನೆ ಕೇಳಿದರು. "ಇವರು ಹೋಗಿಬಿಟ್ಟರೆ, ಆಗಲೂ ನೀವು ದೇವರು ನಂಬಿಗಸ್ತ ಅಂತಲೇ ಹೇಳ್ತೀರಾ?"

ನಂಬುತ್ತೇನೆ ಎಂದೆ. ಆದರೆ ಅವತ್ತು ನಿಮ್ಮ ಮನೆಗೆ ಬಂದು ಅದನ್ನು ಹೇಳುವುದಿಲ್ಲ, ಸುಮ್ಮನೆ ಕೂರುತ್ತೇನೆ ಎಂದೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರಲ್ಲ, ಅವರು ಮಾಡಿದ್ದರಲ್ಲಿ ಸರಿಯಾದದ್ದು ಅದೊಂದೇ.

ಆಕೆ ಸ್ವಲ್ಪ ಯೋಚಿಸಿ, "ಸರಿ, ಹಾಗಾದರೆ ಬನ್ನಿ" ಎಂದರು. ಮುಂದಿನ ಭೇಟಿಗೆ ಗುರುವಾರ ಗೊತ್ತು ಮಾಡಿದ್ದೇವೆ. ಅವತ್ತು ಡಯಾಲಿಸಿಸ್ ಇರುವುದಿಲ್ಲ.